ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ವಿಜಯಪುರಕ್ಕೆ ಬಂದ ಮಕ್ಕಳೆಲ್ಲ ಮೊದಲು ಓಡುವುದು ಗೋಳಗುಮ್ಮಟದ ಮೆಟ್ಟಿಲಿಗೆ. ಮೇಲೆ ಹೋಗಿ ಒಂದು ಕೂಗು ಹಾಕಬೇಕು, ಅದು ಮತ್ತೆ ಮತ್ತೆ ತಿರುಗಿ ಬರುವುದನ್ನು ಕೇಳಬೇಕು. ಆ ಅವಸರದಲ್ಲಿ ಗುಮ್ಮಟದ ಎದುರಿಗೇ ಇರುವ ನಗಾರಖಾನೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದರೊಳಗೆ 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವಿದೆ. 1982ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ನೋಡಿಕೊಳ್ಳುತ್ತಿದೆ. ಮೊಣಕಾಲು ನೋವಿನಿಂದ ಗುಮ್ಮಟ ಹತ್ತಲಾರದೆ ನೆರಳಲ್ಲಿ ಕುಳಿತ ಅಜ್ಜ ಅಜ್ಜಿಯರಿಗಂತೂ ಅದು ಹೇಳಿ ಮಾಡಿಸಿದ ಜಾಗ. ಮೊಮ್ಮಕ್ಕಳು ಕೂಗಿ ದಣಿದು ಇಳಿದ ಮೇಲೆ ಅವರನ್ನೂ ಕರೆದುಕೊಂಡು ಒಳಗೆ ಹೋಗಿ.

ಅಲ್ಲಿ ಹಳೆಯ ಗುಡಿಗಳ ದೇವರ ಮೂರ್ತಿಗಳಿವೆ, ಜಿನಬಿಂಬಗಳಿವೆ, ಶಾಸನಗಳಿವೆ. ಜೊತೆಗೆ ವೀರಗಲ್ಲುಗಳೂ ಇವೆ. ನಾನು ಹೇಳಹೊರಟಿರುವುದು ಇವುಗಳ ಬಗ್ಗೆ.

ಒಂದು ರೂಪಾಯಿ ನಾಣ್ಯ ತೆಗೆದು ಸಿಂಹಗಳ ಮೇಲೆ ಬೆರಳಾಡಿಸಿ ನೋಡಿ. ಚಿತ್ರ ಉಬ್ಬಿದೆ, ಆದರೆ ಸಿಂಹ ನಾಣ್ಯವನ್ನು ಬಿಟ್ಟು ಹೊರಗೆ ಬಂದಿಲ್ಲ. ಉಬ್ಬುಶಿಲ್ಪ ಅಂದರೆ ಇದೇ. ಶಿಲ್ಪಿ ಸುತ್ತಲಿನ ಕಲ್ಲನ್ನು ಚಾಣದಿಂದ ತಗ್ಗಿಸುತ್ತಾನೆ, ಆಕೃತಿ ಮುಂದಕ್ಕೆ ನಿಲ್ಲುತ್ತದೆ, ಬೆನ್ನು ಮಾತ್ರ ಕಲ್ಲಿಗೇ ಅಂಟಿಕೊಂಡಿರುತ್ತದೆ. ಬಾದಾಮಿಯ ಶಿಲ್ಪಿಗಳಿಗೆ ಮರಳುಗಲ್ಲು ಸಿಕ್ಕಿತ್ತು. ವಿಜಯಪುರದ ಸುತ್ತಲಿನದು ಗಟ್ಟಿಯಾದ ಕಪ್ಪು ಕಲ್ಲು. ಸಾವಿರಾರು ವರ್ಷ ಸವೆದು ಪುಡಿಯಾಗಿ ನಮ್ಮ ಎರೆಹೊಲಗಳ ಕಪ್ಪು ಮಣ್ಣಾದದ್ದೂ ಇದೇ ಕಲ್ಲು. ಅದರಲ್ಲಿ ಒಂದು ಕಣ್ಣು, ಒಂದು ಬಳೆ ಮೂಡಿಸಬೇಕಾದರೆ ಎಷ್ಟು ಏಟು ಹೊಡೆಯಬೇಕು ಯೋಚಿಸಿ.

ಇನ್ನು ವೀರಗಲ್ಲನ್ನು ಓದುವ ರೀತಿ. ಬ್ಯಾಂಕಿನಲ್ಲಿ ಲೆಡ್ಜರನ್ನು ಮೇಲಿಂದ ಕೆಳಕ್ಕೆ ಓದಿ ರೂಢಿಯಾದ ನನ್ನಂಥವನಿಗೆ ಇದು ಸ್ವಲ್ಪ ತಿರುಗಾಮುರುಗಾ, ಏಕೆಂದರೆ ವೀರಗಲ್ಲು ಶುರುವಾಗುವುದು ಕೆಳಗಿನಿಂದ. ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ ನಡೆದಿದೆ. ಕತ್ತಿಯೋ ಬಿಲ್ಲೋ ಹಿಡಿದ ವೀರ ಎಲ್ಲರಿಗಿಂತ ದೊಡ್ಡದಾಗಿ ಕಾಣುತ್ತಾನೆ. ಎಷ್ಟೋ ಕಲ್ಲುಗಳಲ್ಲಿ ಪಕ್ಕದಲ್ಲಿ ದನಗಳ ಸಾಲು ಇರುತ್ತದೆ. ಆಗಿನ ಕಾಲದಲ್ಲಿ ಊರಿನ ಸಂಪತ್ತು ಅಂದರೆ ದನ. ಅದನ್ನು ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎಂಬ ಹೆಸರೇ ಇತ್ತು. ಬಿಡಿಸಲು ಹೋದವನು ಅಲ್ಲೇ ಬೀಳುತ್ತಾನೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಎರಡೂ ಕಡೆಯಿಂದ ಅವನ ತೋಳು ಹಿಡಿದು ಮೇಲೆ ಒಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಲಿಂಗ, ನಂದಿ, ಪೂಜಾರಿ, ಕೈಮುಗಿದು ಕುಳಿತ ನಮ್ಮ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಅವರಿರುವ ತನಕ ಇವನ ಹೆಸರು ಇರಲಿ ಎಂದು.

ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಇಲ್ಲದಿರುವುದರಿಂದ ಹೆಸರು ಉಳಿದಿಲ್ಲ. ದೊರೆಗಳಿಗಾದರೆ ಹೊಗಳಿ ಬರೆದ ಶಾಸನಗಳಿವೆ, ದನ ಕಾಯುತ್ತ ಸತ್ತವನಿಗೆ ಇರುವ ದಾಖಲೆ ಈ ಮೂರು ಚಿತ್ರ ಮಾತ್ರ.

ಮನುಷ್ಯರಿಗಷ್ಟೇ ಅಲ್ಲ, ನಾಯಿಗೂ ವೀರಗಲ್ಲು ಸಿಕ್ಕಿದ್ದುಂಟು! ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರ ಕಲ್ಲೊಂದು ಸಿಕ್ಕಿತು. ಮಣಲೇರನೆಂಬ ಯೋಧ ತನ್ನ ಒಡೆಯ ಗಂಗರ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬಹುಮಾನವಾಗಿ ಪಡೆದಿದ್ದ. ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಸತ್ತವು. ಆ ಕಾದಾಟವೇ ಕಲ್ಲಿನ ಮೇಲೆ ಉಬ್ಬಿ ನಿಂತಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ನಮ್ಮ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ವಿದ್ಯಾರ್ಥಿಗಳಿಗಾಗಿ ಶಾಲೆ ಕಟ್ಟಿಸಿದ್ದನ್ನು ಹೇಳುವ 945ರ ಶಾಸನವೂ ಅವನ ಕಾಲದ್ದೇ.

ಸಾಲೋಟಗಿಯ ಹೆಸರು ಮತ್ತೊಮ್ಮೆ ಬರುವುದು ನಗರದ ಅರಕಿಲ್ಲೆಯಲ್ಲಿ. ಅಲ್ಲಿ 1320ರಲ್ಲಿ ಕಟ್ಟಿದ ಕರೀಮುದ್ದೀನನ ಮಸೀದಿಯ ಕಂಬಗಳು ಹಳೆಯ ಗುಡಿಗಳವು. ಕಟ್ಟಿದವನು ಸಾಲೋಟಗಿಯ ರೇವೋಯ ಎಂದು ನಾಗರಿ ಲಿಪಿಯ ಬರಹವೊಂದು ಹೇಳುತ್ತದೆ. ಕೆತ್ತಿದವರ, ಕಟ್ಟಿದವರ ಹೆಸರು ಸಿಗುವುದೇ ಅಪರೂಪ, ಅದಕ್ಕೇ ಹೇಳಿದೆ.

ನಗರದಿಂದ ಅಥಣಿ ರಸ್ತೆ ಹಿಡಿದರೆ ಮೊದಲು ತೊರವಿ. ಇಲ್ಲಿಯ ನರಸಿಂಹನ ಸನ್ನಿಧಿಯಲ್ಲೇ ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದದ್ದು. ಮುಂದೆ ಟಿಕೋಟಾ. ಎರಡೂ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಕಳೆದ ಮಾಘದಲ್ಲಿ ಐದನೆಯ ಇಯತ್ತೆಯ ಮೊಮ್ಮಗಳ ಜೊತೆ ಟಿಕೋಟಾದಿಂದ ಒಳರಸ್ತೆ ಹಿಡಿದು ಬಬಲೇಶ್ವರದ ಕಡೆ ಹೊರಟಿದ್ದೆ. ನಡುವೆ ಒಂದು ಹಳ್ಳಿ. ಹೆಸರು ಬೇಡ. ಜನ ಒಳ್ಳೆಯವರು, ಚಹಾ ಕುಡಿಸದೆ ಬಿಡಲಿಲ್ಲ. ಅಲ್ಲಿ ಗುಡಿಯ ಜೀರ್ಣೋದ್ಧಾರ ನಡೆದಿತ್ತು.

ಹೊಸ ಕಟ್ಟೆಯ ಮೇಲೆ ಒಂದು ವೀರಗಲ್ಲು ನಿಲ್ಲಿಸಿದ್ದರು. ಹಳದಿ ಆಯಿಲ್ ಪೇಂಟು, ವೀರನಿಗೆ ಕೆಂಪು ತುಟಿ. ಬಣ್ಣದ ಮಾತು ಹಾಗಿರಲಿ. ಕಲ್ಲು ಅಲುಗಬಾರದೆಂದು ಕೆಳಗಿನ ಪಟ್ಟಿಯನ್ನು ಪೂರ್ತಿ ಸಿಮೆಂಟಿನಲ್ಲಿ ಹುಗಿದುಬಿಟ್ಟಿದ್ದರು. ಅಪ್ಸರೆಯರಿದ್ದರು, ಲಿಂಗವಿತ್ತು, ಸೂರ್ಯ ಚಂದ್ರರಿದ್ದರು, ಕಾಳಗವೇ ಇರಲಿಲ್ಲ. ಸ್ವರ್ಗ ಕಾಣುತ್ತಿತ್ತು, ಆದರೆ ಅವನು ಅಲ್ಲಿಗೆ ಹೋದದ್ದು ಯಾತಕ್ಕೆ ಎಂಬುದು ಸಿಮೆಂಟಿನೊಳಗೆ ಸೇರಿತ್ತು.

ಇನ್ನೊಂದು ಕಲ್ಲು ದನಗಳ ನೀರಿನ ತೊಟ್ಟಿಗೆ ಒರಗಿಕೊಂಡಿತ್ತು. ಅದನ್ನೂ ಹೀಗೇ ನಿಲ್ಲಿಸುವವರಿದ್ದರು. ಅಜ್ಜಿಯೊಬ್ಬರು ಬಂದು, "ನಮ್ಮತ್ತಿ ಎಣ್ಣಿ ಹಚ್ಚತಿದ್ಲು, ನಾನೂ ಅಮಾಸಿಗೆ ಹಚ್ಚತೀನಿ. ಯಾವ ದೇವರಂತ ಗೊತ್ತಿಲ್ರಿ" ಅಂದರು. ಮೊಮ್ಮಗಳು ಆಗಲೇ ನೆಲಕ್ಕೆ ಕುಳಿತು, "ಅಜ್ಜಾ, ಇಲ್ಲಿ ಆಕಳಾ ಅದಾವು ನೋಡು!" ಎಂದು ಕೂಗಿದಳು. ಊರ ಮಕ್ಕಳು ಮುತ್ತಿಕೊಂಡರು. ಆಕಳು ಏಳೋ ಎಂಟೋ ಎಂದು ಜಗಳವೇ ಆಯಿತು. ಎಂಟನೆಯದಕ್ಕೆ ಬರೀ ಕೋಡು ಕಾಣುತ್ತಿತ್ತು. ನಾನು ಅಜ್ಜಿಗೆ ಮೂರೂ ಪಟ್ಟಿಗಳ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇವ ದೇವರಲ್ಲ?" ಎಂದರು. ಆಮೇಲೆ ತಾವೇ, "ದನಾ ಕಾಯ್ಲಿಕ್ಕೆ ಹೋಗಿ ಸತ್ತಾನಂದ್ರ ನಮ್ಮ ಮನಿಯಾವನs ಬಿಡ್ರಿ" ಎಂದರು.

ಗೌಂಡಿಯನ್ನು ಕೇಳಿದೆ: ಚಿತ್ರ ಮುಗಿಯುವಲ್ಲಿಂದ ಕೆಳಗೆ ಒಂದು ಫೂಟು ಬರಿಗಲ್ಲು ಇದೆಯಲ್ಲ, ಅಷ್ಟನ್ನೇ ಹುಗಿದರೆ ಸಾಲದೇ? ಹುಗಿಯಲೆಂದೇ ಶಿಲ್ಪಿ ಅದನ್ನು ಬಿಟ್ಟಿದ್ದಾನೆ. ಅವನು ಟೇಪು ಹಿಡಿದು ನೋಡಿ, "ನಿಲ್ಲತೈತ್ರಿ ಸಾಹೇಬ್ರ. ಆದ್ರ ಹಿರ್ಯಾರು ಹೇಳಬೇಕು" ಅಂದ. ಹಿರಿಯರು, ಎಲ್ಲರೂ ಕೂಡಿದಾಗ ಮಾತಾಡುತ್ತೇವೆ ಅಂದರು. ಅವರನ್ನು ಬೈಯುವಂತಿಲ್ಲ. ಬೀಳಬಾರದು, ಚಂದ ಕಾಣಬೇಕು ಎಂಬ ಭಕ್ತಿಯಿಂದಲೇ ಸಿಮೆಂಟು ಹಾಕಿದವರು ಅವರು.

ನಿಮ್ಮೂರಲ್ಲೂ ಹನುಮಪ್ಪನ ಗುಡಿಯ ಹಿಂದೆಯೋ ಕೆರೆಯ ದಂಡೆಯ ಮೇಲೋ ಇಂಥ ಕಲ್ಲು ಇದ್ದೀತು. ತಂತಿಯ ಬ್ರಷ್ಷು, ಆ್ಯಸಿಡ್ಡು ಮುಟ್ಟಿಸಬೇಡಿ. ಇಳಿಬಿಸಿಲಿನಲ್ಲಿ ನೆರಳು ಓರೆಯಾಗಿ ಬಿದ್ದಾಗ ಸವೆದ ಗೆರೆಗಳೂ ಎದ್ದು ಕಾಣುತ್ತವೆ, ಫೋಟೋ ಆಗ ತೆಗೆಯಿರಿ. ಅಕ್ಷರಗಳಿದ್ದರೆ ಶಾಲೆಯ ಗುರುಗಳಿಗೆ ತೋರಿಸಿ, ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಸಿ.

ಆ ಹಳ್ಳಿಯಿಂದ ಗೌಂಡಿಯ ಫೋನು ಬಂದಿತ್ತು. ಕಟ್ಟೆಯ ಕೆಲಸ ಯುಗಾದಿ ಕಳೆದ ಮೇಲಂತೆ. ಕಲ್ಲು ಇನ್ನೂ ತೊಟ್ಟಿಯ ಪಕ್ಕದಲ್ಲೇ ಇದೆ.