ದೂರದ ನಗರ ಕಣ್ಣಿಗೆ ನುಣ್ಣಗೆ

2018ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಅಮೆರಿಕದ ಜರ್ಸಿ ಸಿಟಿಯಲ್ಲಿ ಹಡ್ಸನ್ ನದಿಯ ದಂಡೆಯ ಬೆಂಚೊಂದರ ಮೇಲೆ ನಾನೂ ನನ್ನ ಮಗಳೂ ಕುಳಿತಿದ್ದೆವು. ನದಿಯಾಚೆ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ತುದಿ. ನಮ್ಮ ಬೆನ್ನ ಹಿಂದೆ ಮುಳುಗುತ್ತಿದ್ದ ಸೂರ್ಯನ ಕೆಂಪು ಎದುರಿನ ಸಾವಿರಾರು ಗಾಜುಗಳಲ್ಲಿ ಹೊತ್ತಿಕೊಂಡಿತ್ತು. ಕತ್ತಲಾಗುತ್ತಿದ್ದಂತೆ ಆ ಕೆಂಪು ಆರಿ, ಒಂದೊಂದೇ ಕಿಟಕಿಯಲ್ಲಿ ದೀಪಗಳು ಬೆಳಗತೊಡಗಿದವು. ಇಡೀ ನಗರವೇ ನೀರಿನ ಮೇಲೆ ತೇಲಿಬಂದಂತೆ ತೋರಿತು.

"ಅಪ್ಪಾ, ಇದಕ್ಕಿಂತ ಚೆಂದದ ಊರನ್ನು ನೀವು ನೋಡಿದ್ದೀರಾ?" ಎಂದು ಮಗಳು ಕೇಳಿದಳು.

"ನೋಡಿದ್ದೇನೆ ಮಗಾ. ಪರೇಲಿನ ನಮ್ಮ ಚಾಳಿನ ತಾರಸಿಯಿಂದ" ಎಂದೆ.

ಅವಳು ನಕ್ಕಳು. "ಆ ಹೊಗೆಯ ಚಿಮಣಿಗಳೇ?"

ಹೌದು, ಆ ಚಿಮಣಿಗಳೇ. ಆದರೆ ಉತ್ತರ ಬಾಯಿಂದ ಹೊರಟ ಮೇಲೆ, ನಾನು ಹೇಳಿದ್ದು ನಿಜವೇ ಎಂಬ ಸಂಶಯ ನನ್ನನ್ನು ಕಾಡತೊಡಗಿತು. ಅಂದಿನಿಂದ ಈ ವಿಷಯವನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತಲೇ ಬಂದಿದ್ದೇನೆ.

ನಗರವೊಂದರ ಕಟ್ಟಡಗಳ ತುದಿಗಳೆಲ್ಲ ಸೇರಿ ಆಕಾಶದ ಅಂಚಿನಲ್ಲಿ ಎಳೆಯುವ ಗೆರೆಯನ್ನು ‘ಸ್ಕೈಲೈನ್’ ಎನ್ನುತ್ತಾರೆ. ನಾವು ಬಾನಗೆರೆ ಎನ್ನಬಹುದು. ಮನುಷ್ಯನ ಮುಖದಂತೆ ಇದೂ ಒಂದೊಂದು ಊರಿಗೆ ಒಂದೊಂದು ಬಗೆ. ಮುಖದಂತೆಯೇ ವಯಸ್ಸಾದಂತೆ ಬದಲಾಗುತ್ತದೆ. ಅದನ್ನು ನೋಡಿ ಆನಂದಿಸುವುದು ಸುಲಭ, ಓದುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ನಾನು ಮೊದಲು ಕಂಡ ಬಾನಗೆರೆ ಮುಂಬಯಿಯದು. 1970ರ ದಶಕದ ಆರಂಭದಲ್ಲಿ ನನಗೆ ಹತ್ತರ ಪ್ರಾಯ. ಪರೇಲು, ಲಾಲ್‌ಬಾಗ್‌ಗಳ ಆ ಭಾಗಕ್ಕೆ ಗಿರಣಗಾಂವ್, ಅಂದರೆ ಗಿರಣಿಗಳ ಊರು ಎಂಬ ಹೆಸರೇ ಇತ್ತು. ನನ್ನ ತಂದೆ ಅಲ್ಲಿಯ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿ ಹಾಜರಿ ಬರೆಯುವ ಗುಮಾಸ್ತರು. ತುಳುನಾಡಿನಿಂದ ಹೊಟ್ಟೆಪಾಡಿಗೆಂದು ಹೋದ ಸಹಸ್ರಾರು ಮಂದಿಯಲ್ಲಿ ಅವರೂ ಒಬ್ಬರು. ಸಂಜೆ ಚಾಳಿನ ತಾರಸಿ ಏರಿದರೆ ಯಾವ ದಿಕ್ಕಿಗೆ ತಿರುಗಿದರೂ ಚಿಮಣಿಗಳೇ. ತೆಳ್ಳನೆಯ, ಎತ್ತರದ ಆ ಕೊಳವೆಗಳಿಂದ ಹೊರಟ ಹೊಗೆ ಸಮುದ್ರದ ಗಾಳಿಗೆ ಒಂದೇ ದಿಕ್ಕಿಗೆ ವಾಲುತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಭೋಂಗಾ ಕೂಗಿದರೆ ಬೀದಿ ತುಂಬ ಜನ. ಯಾವುದಾದರೊಂದು ಚಿಮಣಿ ಹೊಗೆಯುಗುಳುವುದನ್ನು ನಿಲ್ಲಿಸಿದರೆ ಅಮ್ಮ ಆತಂಕದಿಂದ ಅತ್ತ ನೋಡುತ್ತಿದ್ದರು. ನಮಗೆ ಆ ಗೆರೆ ಬರಿಯ ನೋಟವಾಗಿರಲಿಲ್ಲ. ಎಷ್ಟು ಮನೆಗಳ ಒಲೆ ಉರಿಯುತ್ತಿದೆ ಎಂಬುದರ ಲೆಕ್ಕವಾಗಿತ್ತು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಆ ಮುಷ್ಕರ ಎಂದು ಮುಗಿಯಿತು ಎಂದು ಇಂದಿಗೂ ಯಾರೂ ಖಚಿತವಾಗಿ ಹೇಳಲಾರರು. ಅದು ಮುಗಿಯಲಿಲ್ಲ, ಕರಗಿಹೋಯಿತು. ಅನೇಕ ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ಮರುವರ್ಷ ನಾವು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದೆವು. ನಾನು ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದೆ.

ಬೆಂಗಳೂರಿನ ಬಾನಗೆರೆ ಅಂದು ಮರಗಳದ್ದು. ಮಹಾತ್ಮ ಗಾಂಧಿ ರಸ್ತೆಯ ಇಪ್ಪತ್ತೈದು ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಒಂದೇ ಆ ಹಸಿರಿನ ಮೇಲೆ ತಲೆಯೆತ್ತಿ ನಿಂತಿತ್ತು. ನಮ್ಮಂಥ ಹೊಸಬರು ಅದರ ಕೆಳಗೆ ನಿಂತು ಅಂತಸ್ತು ಎಣಿಸುತ್ತಿದ್ದೆವು. ಇಂದು ಬೆಂಗಳೂರಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡಗಳು ಬೇಕಾದಷ್ಟಿವೆ. ಆದರೂ ‘ಇದು ಬೆಂಗಳೂರು’ ಎಂದು ಒಂದೇ ನೋಟದಲ್ಲಿ ಗುರುತಿಸುವ ಗೆರೆ ಅದಕ್ಕೆ ಒದಗಿಬರಲಿಲ್ಲ. ಕಾರಣ ನನಗೆ ಹಡ್ಸನ್ ದಂಡೆಯಲ್ಲಿ ಹೊಳೆಯಿತು. ನಗರವನ್ನು ಇಡಿಯಾಗಿ ನೋಡಬೇಕಾದರೆ ಅದರ ಮುಂದೆ ಬಯಲು ಬೇಕು. ನ್ಯೂಯಾರ್ಕಿಗೆ ನದಿ, ಶಿಕಾಗೋಗೆ ಮಿಶಿಗನ್ ಸರೋವರ, ಹಾಂಕಾಂಗಿಗೆ ಬಂದರು, ಮುಂಬಯಿಗೆ ಅರಬ್ಬಿ ಸಮುದ್ರ ಆ ಬಯಲನ್ನು ಒದಗಿಸಿವೆ. ಬೆಂಗಳೂರಿಗೆ ನದಿಯಿಲ್ಲ, ಇದ್ದ ಕೆರೆಗಳಲ್ಲಿ ಹಲವನ್ನು ನಾವೇ ಮುಚ್ಚಿದೆವು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕನ್ನಡಿಯನ್ನು ಒಡೆದವನಿಗೆ ತನ್ನ ಮುಖ ಕಾಣುವುದೆಂತು?

ಮತ್ತೆ ನ್ಯೂಯಾರ್ಕಿಗೆ ಬರೋಣ. ಅಲ್ಲಿ ವಾಲ್ ಸ್ಟ್ರೀಟ್ ಎಂಬ ಹಣಕಾಸಿನ ಬೀದಿಯ ತುದಿಯಲ್ಲಿ ಟ್ರಿನಿಟಿ ದೇವಾಲಯವಿದೆ. 1846ರಲ್ಲಿ ಅದು ಪೂರ್ಣಗೊಂಡಾಗ 281 ಅಡಿ ಎತ್ತರದ ಅದರ ಚೂಪು ಗೋಪುರವೇ ನಗರದ ಅತಿ ಎತ್ತರದ ತುದಿ. ನಲವತ್ತನಾಲ್ಕು ವರ್ಷ ಆ ಹಿರಿಮೆ ಅದರದಾಗಿತ್ತು. 1890ರಲ್ಲಿ ಒಂದು ವೃತ್ತಪತ್ರಿಕೆಯ ಕಟ್ಟಡ ಅದನ್ನು ಮೀರಿಸಿತು. ಅಷ್ಟರಲ್ಲಿ ಎರಡು ಸಂಗತಿಗಳು ಕೂಡಿಬಂದಿದ್ದವು. ಹಗ್ಗ ಹರಿದರೂ ಬೀಳದಂತೆ ತಡೆಯುವ ಲಿಫ್ಟನ್ನು ಎಲಿಷಾ ಓಟಿಸ್ 1850ರ ದಶಕದಲ್ಲೇ ತೋರಿಸಿಕೊಟ್ಟಿದ್ದ. 1871ರ ಮಹಾ ಅಗ್ನಿದುರಂತದ ಬಳಿಕ ಮರಳಿ ಎದ್ದ ಶಿಕಾಗೋದಲ್ಲಿ, ಗೋಡೆಯ ಬದಲು ಲೋಹದ ಚೌಕಟ್ಟೇ ಕಟ್ಟಡದ ಭಾರ ಹೊರುವ ವಿಧಾನ ಬೆಳೆದಿತ್ತು. ಇನ್ನು ಎತ್ತರಕ್ಕೆ ತಡೆಯೆಲ್ಲಿ?

1913ರಲ್ಲಿ ಅಗ್ಗದ ಸಾಮಾನಿನ ಅಂಗಡಿಗಳ ಒಡೆಯ ವುಲ್‌ವರ್ತ್ 792 ಅಡಿಯ ಕಟ್ಟಡ ಕಟ್ಟಿಸಿದ. ಅದರ ಅಲಂಕಾರವೆಲ್ಲ ಗೋಥಿಕ್ ದೇವಾಲಯಗಳದ್ದು. ಅದನ್ನು ‘ವಾಣಿಜ್ಯದ ಪ್ರಧಾನಾಲಯ’ ಎಂದು ಹೊಗಳಿದವರು ಒಬ್ಬ ಧರ್ಮಬೋಧಕರೇ! 1916ರಲ್ಲಿ ನಗರಾಡಳಿತವು, ಬೀದಿಗಳಿಗೆ ಬೆಳಕು ಬೀಳಲೆಂದು, ಮೇಲೇರಿದಂತೆ ಕಟ್ಟಡಗಳು ಹಿಂದೆ ಸರಿಯಬೇಕೆಂಬ ನಿಯಮ ತಂದಿತು. ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಆ ಕಾಲದ ಗೋಪುರಗಳ ಚೆಲುವು ಹುಟ್ಟಿದ್ದು ಕಲಾವಿದನ ಕನಸಿನಿಂದ ಮಾತ್ರವಲ್ಲ, ಬೀದಿಯಲ್ಲಿ ನಡೆಯುವವನಿಗೂ ಬಿಸಿಲು ಸಿಗಲಿ ಎಂಬ ಕಾನೂನಿನಿಂದ ಕೂಡ. ಈ ಸಂಗತಿ ನನಗೆ ಬಹಳ ಹಿಡಿಸಿತು. 1930ರ ಕ್ರೈಸ್ಲರ್ ಕಟ್ಟಡ, 1931ರ ಎಂಪೈರ್ ಸ್ಟೇಟ್ ಕಟ್ಟಡ ಎರಡೂ ಆ ನಿಯಮದ ಕೂಸುಗಳೇ. ಎಂಪೈರ್ ಸ್ಟೇಟ್ ತಲೆಯೆತ್ತಿದ್ದು ಮಹಾ ಆರ್ಥಿಕ ಕುಸಿತದ ನಡುವೆ. ಬಾಡಿಗೆಗೆ ಜನ ಸಿಗದೆ ಎಷ್ಟೋ ಅಂತಸ್ತುಗಳು ಖಾಲಿ ಬಿದ್ದಾಗ ಊರಿನವರು ಅದನ್ನು ‘ಎಂಪ್ಟಿ ಸ್ಟೇಟ್’ ಎಂದು ಗೇಲಿ ಮಾಡಿದರು. ದೂರದಿಂದ ನೋಡಿದವರಿಗೆ ಆ ಖಾಲಿತನ ಕಂಡಿರಲಾರದು.

ನಮ್ಮೆದುರು ನದಿಯಾಚೆ ನಿಂತಿದ್ದುದು 2014ರಲ್ಲಿ ತೆರೆದ, 1,776 ಅಡಿ ಎತ್ತರದ ಒನ್ ವರ್ಲ್ಡ್ ಟ್ರೇಡ್ ಸೆಂಟರ್. ಅದರ ಪಕ್ಕದಲ್ಲೇ 2001ರ ಸೆಪ್ಟೆಂಬರ್ 11ರ ತನಕ ಅವಳಿ ಗೋಪುರಗಳಿದ್ದವು. ಆ ಒಂದು ಮುಂಜಾನೆ ಬಾನಗೆರೆಯಿಂದ ಅವು ಅಳಿಸಿಹೋದವು. ಅಲ್ಲಿ ಮಡಿದವರು 2,700ಕ್ಕೂ ಹೆಚ್ಚು. 2002ರಿಂದ ಅವರ ನೆನಪಿಗೆ ಎರಡು ಬೆಳಕಿನ ಕಂಬಗಳನ್ನು ಆಕಾಶಕ್ಕೆ ಬಿಡುತ್ತಾರೆ. ಮಗಳು ಅದನ್ನು ನನಗೆ ತೋರಿಸಲೆಂದೇ ಆ ತಿಂಗಳು ಕರೆಸಿಕೊಂಡಿದ್ದಳು. ಆ ಬೆಳಕನ್ನು ಕಂಡಾಗ ನನಗೆ ಅನ್ನಿಸಿದ್ದು ಇಷ್ಟು: ಈ ನಗರ ತಾನು ಕಳೆದುಕೊಂಡದ್ದನ್ನೂ ತನ್ನ ಗೆರೆಯಲ್ಲಿ ಸೇರಿಸಿಕೊಂಡಿದೆ.

ಮರಳುವ ದಾರಿಯಲ್ಲಿ ಎರಡು ದಿನ ಲಂಡನ್ನಿನಲ್ಲಿ ತಂಗಿದ್ದೆ. ಅಲ್ಲಿಯ ಪರಿಯೇ ಬೇರೆ. ಸಂತ ಪೌಲರ ಪ್ರಧಾನಾಲಯದ 365 ಅಡಿಯ ಗುಮ್ಮಟ 1710ರಿಂದ ಎರಡೂವರೆ ಶತಮಾನ ಕಾಲ ಆ ನಗರದಲ್ಲಿ ಎಲ್ಲಕ್ಕಿಂತ ಎತ್ತರವಾಗಿತ್ತು. 1930ರ ದಶಕದಿಂದಲೂ ಅದರ ನೋಟಕ್ಕೆ ಅಡ್ಡ ಬರುವಂತೆ ಕಟ್ಟಬಾರದೆಂಬ ಕಟ್ಟುಪಾಡುಗಳಿವೆ. ಹಾಗೆಂದು ಲಂಡನ್ ಬೆಳೆಯದೆ ಉಳಿದಿಲ್ಲ. 2012ರಲ್ಲಿ ಪೂರ್ಣಗೊಂಡ ಶಾರ್ಡ್ ಗುಮ್ಮಟದ ಎರಡೂವರೆ ಪಟ್ಟಿಗೂ ಹೆಚ್ಚು ಎತ್ತರವಿದೆ. ಆದರೆ 2014ರಲ್ಲಿ ಮುಗಿದ ಲೆಡನ್‌ಹಾಲ್ ಕಟ್ಟಡವನ್ನು ನೋಡಿ: ಅದರ ಒಂದು ಮೈ ಇಳಿಜಾರಾಗಿ ಹಿಂದಕ್ಕೆ ವಾಲಿದೆ. ಫ್ಲೀಟ್ ಸ್ಟ್ರೀಟ್ ಎಂಬ ಹಳೆಯ ಬೀದಿಯಿಂದ ಗುಮ್ಮಟವನ್ನು ನೋಡುವವರಿಗೆ ತೊಡಕಾಗಬಾರದೆಂದು ಹಾಗೆ ಕಟ್ಟಿದ್ದಾರೆ. ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತಿದ್ದಾರೆಂದು ಪಕ್ಕಕ್ಕೆ ಸರಿದು ನಡೆಯುವ ತರುಣನಂತೆ ಅದು ನನಗೆ ಕಂಡಿತು.

ಎತ್ತರದ ಕಟ್ಟಡ ಎಂದೊಡನೆ ನಮ್ಮಲ್ಲಿ ಹಲವರಿಗೆ ಬಾಬೆಲಿನ ಗೋಪುರ ನೆನಪಾಗುತ್ತದೆ. ಎತ್ತರವೇ ಅಹಂಕಾರವೆಂದು ನಾನು ತಿಳಿಯಲಾರೆ. ನಮ್ಮ ಹಿರಿಯರೂ ದೇವಾಲಯಗಳಿಗೆ ಎತ್ತರದ ಗೋಪುರಗಳನ್ನೇ ಕಟ್ಟಿಸಿದರಲ್ಲವೆ? ಕೇಳಬೇಕಾದ ಪ್ರಶ್ನೆ ಬೇರೆ: ಎತ್ತರವಾದದ್ದರ ಬುಡದಲ್ಲಿ ನಿಂತವನಿಗೆ ಏನು ಉಳಿಯಿತು?

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ತಂದೆ. 2011ರಲ್ಲಿ ಬಂಧುಗಳ ಮದುವೆಗೆಂದು ಅವರನ್ನು ಮುಂಬಯಿಗೆ ಕರೆದೊಯ್ದಿದ್ದೆ. ಅವರಿಗೆ ಆಗ ಎಂಬತ್ತೊಂದು. ಎರಡು ವರ್ಷಗಳ ಹಿಂದಷ್ಟೇ ತೆರೆದಿದ್ದ ಬಾಂದ್ರಾ–ವರ್ಲಿ ಸಮುದ್ರ ಸೇತುವೆಯ ಮೇಲೆ ನಮ್ಮ ಟ್ಯಾಕ್ಸಿ ಸಾಗುತ್ತಿತ್ತು. ಎದುರಿಗೆ ವರ್ಲಿ, ಲೋವರ್ ಪರೇಲ್‌ಗಳ ಹೊಸ ಗೋಪುರಗಳು. ಕೆಲವು ಪೂರ್ಣಗೊಂಡು ಹೊಳೆಯುತ್ತಿದ್ದವು, ಕೆಲವುಗಳ ನೆತ್ತಿಯ ಮೇಲೆ ಇನ್ನೂ ಕ್ರೇನುಗಳು. ತಂದೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಚಿಮಣಿಗಳನ್ನು ಹುಡುಕುತ್ತಿದ್ದಾರೆಂದು ನನಗೆ ತಿಳಿಯಿತು.

ಆ ಗೋಪುರಗಳಲ್ಲಿ ಅನೇಕವು ಗಿರಣಿಗಳ ನೆಲದ ಮೇಲೆಯೇ ಎದ್ದವು. 1991ರ ನಿಯಮದಂತೆ ಗಿರಣಿ ಜಮೀನನ್ನು ಬಳಸಹೊರಟರೆ ಮೂರರಲ್ಲೊಂದು ಪಾಲು ನಗರದ ಬಯಲಿಗೆ, ಒಂದು ಪಾಲು ಜನಸಾಮಾನ್ಯರ ವಸತಿಗೆ, ಒಂದು ಪಾಲು ಒಡೆಯನಿಗೆ ಸಲ್ಲಬೇಕಿತ್ತು. 2001ರ ತಿದ್ದುಪಡಿಯಿಂದ, ಕಟ್ಟಡಗಳಿಲ್ಲದೆ ಖಾಲಿಯಿದ್ದ ನೆಲಕ್ಕೆ ಮಾತ್ರ ಆ ಲೆಕ್ಕ ಅನ್ವಯವಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಗರಕ್ಕೂ ಬಡವರ ಮನೆಗಳಿಗೂ ದಕ್ಕಬೇಕಾಗಿದ್ದ ನೆಲ ಹೀಗೆ ಬಹಳಷ್ಟು ಕುಗ್ಗಿತು. ಬಾನಗೆರೆ ಬದಲಾಗುವುದಕ್ಕೆ ಮೊದಲು ಕಾಗದದ ಮೇಲಿನ ಒಂದು ಸಾಲು ಬದಲಾಗಿರುತ್ತದೆ.

"ಎಲ್ಲ ಹೋಯಿತಲ್ಲ ಅಪ್ಪಾ! ಆ ಚಿಮಣಿಗಳಿದ್ದಾಗ ಎಷ್ಟು ಚೆಂದವಿತ್ತು" ಎಂದು ನಾನು ಮರುಗಿದೆ.

ತಂದೆ ನನ್ನತ್ತ ತಿರುಗಿದರು. "ನೀನು ತಾರಸಿಯಿಂದ ನೋಡಿದವನು. ನಾನು ಹಾಜರಿ ಪುಸ್ತಕದಲ್ಲಿ ನೋಡಿದವನು. ಒಳಗೆ ಹತ್ತಿಯ ಧೂಳು ಕುಡಿದು ಕುಡಿದು ಕೆಮ್ಮು ಹಿಡಿದವರ ಹೆಸರಿನ ಮುಂದೆ ಮೊದಮೊದಲು ರಜೆ ಬರೆಯುತ್ತಿದ್ದೆ. ಆಮೇಲೆ ಆ ಹೆಸರಿನ ಮೇಲೆಯೇ ಗೆರೆ ಎಳೆಯುತ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಇಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿದೆ? ಅವರು ಎಲ್ಲಿ ಮಲಗುತ್ತಾರೆ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷಗಳ ಬಳಿಕ ಅವರು ದೈವಾಧೀನರಾದರು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಊರುಗಳಿಗೂ ಸಲ್ಲುತ್ತದೆ. ಹಡ್ಸನ್ ದಂಡೆಯಲ್ಲಿ ಮಗಳಿಗೆ ನಾನು ಕೊಟ್ಟ ಉತ್ತರ ಅರ್ಧ ಸತ್ಯವಾಗಿತ್ತು. ನನಗೆ ಚೆಂದವಾಗಿ ಕಂಡದ್ದು ಅನ್ಯರ ಎದೆಯಿಂದ ಹೊರಟ ಹೊಗೆ ಕೂಡ ಆಗಿತ್ತು. ಹಾಗೆಂದು ಆ ಚೆಲುವು ಸುಳ್ಳಲ್ಲ. ನೋಡುವವನು ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದನ್ನು ಮರೆತರೆ ಮಾತ್ರ ಅದು ಸುಳ್ಳಾಗುತ್ತದೆ. ಅಂದು ರಾತ್ರಿ ತಂದೆಯ ಆ ಮಾತುಗಳನ್ನು ಮಗಳಿಗೆ ಹೇಳಿದೆ. ಅವಳು ಎದುರಿನ ದೀಪಗಳನ್ನೇ ನೋಡುತ್ತ, "ಇಷ್ಟು ಹೊತ್ತಿಗೆ ನಮ್ಮ ಆಫೀಸಿನಲ್ಲಿ ದೀಪ ಉರಿಯುವುದು ಕಸ ಗುಡಿಸುವವರಿಗಾಗಿ ಅಪ್ಪಾ. ಅವರ ಹೆಸರು ನನಗೆ ಗೊತ್ತಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ನದಿ ದಾಟಿ ಆಚೆ ಹೋದೆವು. ನದಿಯ ಮೇಲಿಂದ ಟ್ರಿನಿಟಿ ದೇವಾಲಯದ ಗೋಪುರಕ್ಕಾಗಿ ಎಷ್ಟು ಹುಡುಕಿದರೂ ಕಾಣಲಿಲ್ಲ. ಗಗನಚುಂಬಿಗಳ ನಡುವೆ ಅದು ಎಲ್ಲೋ ಹುದುಗಿತ್ತು. ಆದರೆ ವಾಲ್ ಸ್ಟ್ರೀಟಿಗೆ ಬಂದು, ಇಕ್ಕೆಲಗಳ ಎತ್ತರದ ಗೋಡೆಗಳ ನಡುವೆ ಪಶ್ಚಿಮಕ್ಕೆ ಮುಖ ಮಾಡಿದಾಗ, ಬೀದಿಯ ತುದಿಯಲ್ಲಿ ಅದು ನೆಟ್ಟಗೆ ನಿಂತಿತ್ತು. ಕೆಲಸಕ್ಕೆ ಧಾವಿಸುವ ಜನರ ತಲೆಗಳ ಮೇಲೆ, ಅವರವರ ಅಳತೆಗೆ ನಿಲುಕುವಷ್ಟೇ ಎತ್ತರವಾಗಿ. ನಾವು ಅತ್ತ ನಡೆಯತೊಡಗಿದೆವು.