ಕೈಗಾದಿಂದ ಬಂದ ಸಂಬಂಧ

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿರುವ ನಮ್ಮ ತಂಗಿಯ ಮಗಳಿಗೆ ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರೊಬ್ಬರ ಸಂಬಂಧ ಬಂದಿದೆ. “ಅಣ್ಣಾ, ಅಲ್ಲಿಗೆ ಹೆಣ್ಣು ಕೊಡಬಹುದೇ?” ಎಂದು ತಂಗಿ ಕೇಳಿದಳು. ಜಾತಕ ನೋಡುವವರು ಬೇರೆ ಇದ್ದರು. ಈ ಪ್ರಶ್ನೆ ಮಾತ್ರ ಉಪಾಧ್ಯಾಯರಾದ ನಮ್ಮ ಪಾಲಿಗೆ ಬಂದಿತು.

ಅಲ್ಲಿ ಏನೂ ನಡೆದಿಲ್ಲವೆಂದು ನಾವು ಹೇಳಲಿಲ್ಲ. 1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿಯೇ, ಸ್ಥಾವರದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನವಿನ್ನೂ ತುಂಬಿರಲಿಲ್ಲವೆಂಬುದೇ ಪುಣ್ಯ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಮೂಲಕ ಟ್ರಿಟಿಯಂ ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಯಾರೋ ಬೇಕೆಂದೇ ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದರು. ಅದೇ ಕೇಂದ್ರದ ಮೊದಲನೆಯ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದುದೂ ನಿಜವೇ.

ಆಪತ್ತು ಒದಗಿದರೆ ಗೃಹಿಣಿ ಮಾಡಬೇಕಾದುದೇನು? ಎಲ್ಲರನ್ನೂ ಒಳಗೆ ಕರೆದು ಕದ ಕಿಟಕಿ ಮುಚ್ಚಬೇಕು, ಪ್ರಕಟಣೆಗೆ ಕಿವಿಗೊಡಬೇಕು. ಅಯೋಡಿನ್ ಮಾತ್ರೆಯನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು. ಅದು ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಕೊಂಡು ವಿಕಿರಣಶೀಲ ಅಯೋಡಿನ್ನಿಗೆ ಎಡೆಗೊಡದು. ಉಳಿದ ವಿಕಿರಣಕ್ಕೆ ಅದು ಮದ್ದಲ್ಲ.

ನಮ್ಮ ಚಿಂತೆ ಬೇರೊಂದು. ಹುಡುಗಿ ಓದಿದ್ದು ತಮಿಳು ಶಾಲೆಯಲ್ಲಿ. ಮನೆಯಲ್ಲಿ ಕನ್ನಡವಾಡುತ್ತಾಳೆ, ಓದಲಾರಳು. ಅಲ್ಲಿ ಕೈಗೆ ಬರುವ ಸೂಚನೆ ಕನ್ನಡದಲ್ಲಿದ್ದರೆ? ಸಂಬಂಧ ಕೂಡಿಬರಲಿ ಬಿಡಲಿ, ಪ್ರತಿ ಭಾನುವಾರ ಅವಳಿಗೆ ಅಕ್ಷರ ಹೇಳಿಕೊಡುತ್ತಿದ್ದೇವೆ. ಈಗ ಒತ್ತಕ್ಷರಗಳು ನಡೆದಿವೆ.