ಅಂಗಡಿಯ ತಂತಿಯೂ ನಾಲೆಯ ನೀರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಅಂಗಡಿಗೆ ಇಂಟರ್ನೆಟ್ಟು ಹಾಕಿಸುವ ಪ್ರಸಂಗ ಅವರ ಕಾಲಕ್ಕೆ ಒದಗಿರಲಿಲ್ಲ. ಒದಗಿದ್ದರೆ ಗಾದೆಯು ಇನ್ನೊಂದು ಮಾತಿನಷ್ಟು ಉದ್ದವಾಗುತ್ತಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮನೆಯ ಮುಂಭಾಗದಲ್ಲಿಯೇ ಸಣ್ಣ ವ್ಯಾಪಾರವಿಟ್ಟುಕೊಂಡು ಸಂಸಾರ ಸಾಗಿಸುವವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿರಬಹುದಾದುದರಿಂದ, ನಾವು ನಷ್ಟಪಟ್ಟು ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮದು ಪಾಂಡವಪುರದಲ್ಲಿ ಬೆಲ್ಲದ ವ್ಯಾಪಾರ. ಊರನ್ನು ಜನರು ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಯುತ್ತಿದ್ದ ಕಾಲದಲ್ಲಿ ನಮ್ಮ ತಾತನವರು ಇದನ್ನು ಆರಂಭಿಸಿದರು. ಸುತ್ತಲಿನ ಆಲೆಮನೆಗಳಿಂದ ಅಚ್ಚುಬೆಲ್ಲವನ್ನೂ ಉಂಡೆಬೆಲ್ಲವನ್ನೂ ಕೊಂಡು ಹೊರ ಊರುಗಳಿಗೆ ಕಳುಹಿಸುತ್ತೇವೆ. ತಂದೆಯವರ ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಕಪ್ಪು ಟೆಲಿಫೋನು ಇದ್ದಿತು. ನಾಗಮಂಗಲದ ನಂಬರುಗಳಿಗೆ 08234, ಕೃಷ್ಣರಾಜಪೇಟೆಯವಕ್ಕೆ 08230, ಪಾಂಡವಪುರ ಶ್ರೀರಂಗಪಟ್ಟಣಗಳೆರಡಕ್ಕೂ ಸೇರಿ 08236 ಎಂಬುದು ಅವರಿಗೆ ಮಗ್ಗಿಯಂತೆ ಬಾಯಿಪಾಠ. ನಮ್ಮ ನಂಬರೂ ಹಾಗೆಯೇ ಮೈಸೂರು, ಹುಬ್ಬಳ್ಳಿಗಳ ಅಂಗಡಿಗಳ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದಿದ್ದಿತು.

ತಂದೆಯವರು ತೀರಿಕೊಂಡ ಮೇಲೆ, ಕೈಯಲ್ಲಿ ಮೊಬೈಲಿರುವಾಗ ಈ ತಿಂಗಳ ಬಾಡಿಗೆ ದಂಡವಲ್ಲವೆ ಎಂದು ಆ ಟೆಲಿಫೋನನ್ನು ಬಿಟ್ಟುಬಿಟ್ಟೆವು. ಎರಡು ವರ್ಷಗಳ ನಂತರ ಒಂದು ಮದುವೆಯಲ್ಲಿ ಹುಬ್ಬಳ್ಳಿಯ ವೃದ್ಧ ವರ್ತಕರೊಬ್ಬರು ಸಿಕ್ಕಿದರು. ನಮ್ಮನ್ನು ನೋಡಿ ಆಶ್ಚರ್ಯಪಟ್ಟು, “ಎಷ್ಟು ಸಲ ಫೋನು ಮಾಡಿದರೂ ಹತ್ತಲಿಲ್ಲ. ರಾಯರು ಹೋದ ಮೇಲೆ ಅಂಗಡಿ ಮುಚ್ಚಿರಬೇಕೆಂದು ತಿಳಿದೆವು” ಎಂದರು. ನಾವು ಏನು ಹೇಳಬಲ್ಲೆವು? ಎಲೆಯ ಮುಂದೆ ಕುಳಿತಿದ್ದರೂ ಊಟ ಸೇರಲಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಎಲ್ಲಕ್ಕಿಂತ ಅಗ್ಗವೆಂದು ಒಂದು ಕಂಪನಿಯ ಇಂಟರ್ನೆಟ್ಟನ್ನು ಹಾಕಿಸಿ, ಮೊಬೈಲನ್ನೂ ಅದೇ ಕಂಪನಿಗೆ ಬದಲಾಯಿಸಿದೆವು. ಹೋದ ವರ್ಷ ಸಂಕ್ರಾಂತಿಗೆ ಎಂಟು ದಿನವಿರುವಾಗ, ನಾಡೆಲ್ಲ ಎಳ್ಳುಬೆಲ್ಲಕ್ಕೆ ಸಿದ್ಧವಾಗುತ್ತಿರುವಾಗ, ರಸ್ತೆ ಅಗೆಯುವ ಯಂತ್ರವೊಂದು ಎಲ್ಲಿಯೋ ನೆಲದೊಳಗಿನ ತಂತಿಯನ್ನು ಕತ್ತರಿಸಿತು. ಅಂಗಡಿಯ ಇಂಟರ್ನೆಟ್ಟು ನಿಂತಿತು. ಮೊಬೈಲಿದೆಯಲ್ಲ ಎಂದು ಕೈಗೆತ್ತಿಕೊಂಡರೆ ಅದೂ ಮೂಕವಾಗಿತ್ತು. ಊರಿನ ಗೋಪುರಕ್ಕೂ ಅದೇ ತಂತಿಯಲ್ಲಿಯೇ ಸುದ್ದಿ ಬರುತ್ತಿತ್ತಂತೆ. ಮೂರು ದಿನ ಹೀಗಾಯಿತು. ನಾಲ್ಕನೆಯ ದಿನ ನೋಡಿದರೆ, ಒಂದು ಲಾರಿ ಬೆಲ್ಲಕ್ಕೆ ಬಂದಿದ್ದ ಬೇಡಿಕೆಯು ಉತ್ತರ ಕಾಣದೆ ಬೇರೆಯವರ ಪಾಲಾಗಿತ್ತು.

ಕಂಪನಿಯ ಪ್ರತಿನಿಧಿಯು ಬಂದು, “ನಮ್ಮದು ನೂರಕ್ಕೆ ತೊಂಬತ್ತೊಂಬತ್ತು ಪಾಲು ಕೆಡುವುದೇ ಇಲ್ಲ ಸಾರ್” ಎಂದನು. ಅವನು ಹೋದ ಮೇಲೆ ನಮ್ಮ ಗೃಹಿಣಿಯು ಲೆಕ್ಕದ ಪುಸ್ತಕದ ಹಿಂದೆ ಗುಣಿಸಿ ನೋಡಿ, “ಉಳಿದ ಒಂದು ಪಾಲೇ ವರ್ಷಕ್ಕೆ 87 ಗಂಟೆಗೂ ಮೇಲಾಯಿತು. ಅದಷ್ಟೂ ಸಂಕ್ರಾಂತಿಯ ವಾರಕ್ಕೇ ಬಿದ್ದರೆ ಗತಿಯೇನು? ನಾಲ್ಕು ಕಡೆ ನೋಡಿಕೊಂಡು ಬನ್ನಿ, ಆಮೇಲೆ ಸಹಿ ಹಾಕೋಣ” ಎಂದಳು. ಆ ಮಾತಿನಂತೆ ನಾವು ಬಂಧುಗಳ ಮನೆಗಳಿಗೆ ಹೊರಟೆವು.

ಮೊದಲು ಹೋದುದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ನಮ್ಮ ಅಕ್ಕ ಭಾವಂದಿರು ಯಾತ್ರಿಕರಿಗೆ ನಾಲ್ಕು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ನಾವು ಹೋದ ಹೊತ್ತಿಗೆ ಕರೆಂಟು ಹೋಗಿತ್ತು. ಆದರೆ ಅವರ ಫೋನು ಬಾರಿಸುತ್ತಲೇ ಇತ್ತು. ಭಾವನವರು ಕಾರಣವನ್ನು ವಿವರಿಸಿದರು. ಹಳೆಯ ಟೆಲಿಫೋನಿನ ತಾಮ್ರದ ತಂತಿಯಲ್ಲಿ ಮಾತಿನ ಸಂಗಡ 48 ವೋಲ್ಟಿನ ವಿದ್ಯುತ್ತೂ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಆದಕಾರಣ ಊರು ಕತ್ತಲಾದರೂ ಫೋನು ಸಾಯುತ್ತಿರಲಿಲ್ಲ. ಈಗಿನ ಫೈಬರಿನಲ್ಲಿ ಕೂದಲೆಳೆಯಂತಹ ಗಾಜಿನೊಳಗೆ ಬೆಳಕು ಹರಿಯುತ್ತದೆ. ಗಾಜು ವಿದ್ಯುತ್ತನ್ನು ತರಲಾರದು. ಮನೆಯೊಳಗಿನ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಅದು ಹೋದರೆ ಇಂಟರ್ನೆಟ್ಟೂ ಫೋನೂ ಒಟ್ಟಿಗೇ ಮಲಗುವುವು. ಇದಕ್ಕಾಗಿ ಭಾವನವರು ಆ ಪೆಟ್ಟಿಗೆಗೆಂದೇ ಒಂದು ಚಿಕ್ಕ ಬ್ಯಾಟರಿಯನ್ನು ಜೋಡಿಸಿದ್ದರು.

ಸಂಜೆ ಕೋಟೆಯ ಕಡೆ ತಿರುಗಾಡಲು ಹೋದಾಗ, 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಒಳನುಗ್ಗಿದ ಒಡಕಿನ ಬಳಿ ನಿಂತು ಅವರು, “ನೋಡಪ್ಪ, ಗೋಡೆ ಮಿಕ್ಕ ಕಡೆ ಎಷ್ಟು ದಪ್ಪವಿದ್ದರೇನು? ಎಲ್ಲಿ ಒಡೆಯಿತೋ ಅಲ್ಲಿಂದ ಬಂದರು. ಎರಡು ಕಂಪನಿಯ ತಂತಿ ತೆಗೆದುಕೊಂಡೆ ಎಂದು ಹಿಗ್ಗಬೇಡ, ಎರಡೂ ಒಂದೇ ಕಂಬದ ಮೇಲೆ ಬಂದರೆ ಅವು ಒಂದೇ ಲೆಕ್ಕ” ಎಂದರು. ನಮ್ಮ ಸಂಕ್ರಾಂತಿಯ ಕಥೆ ಅದೇ ಅಲ್ಲವೆ!

ಕೃಷ್ಣರಾಜಪೇಟೆಯಲ್ಲಿ ನಮ್ಮ ಚಿಕ್ಕಪ್ಪನವರ ಮಗ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೇಮಾವತಿ ನಾಲೆಯ ರೈತರೊಡನೆ ದಿನವೂ ಮಾತನಾಡುವವನು. “ಅಣ್ಣ, ವೇಗ ಎಷ್ಟೆಂದು ಕೇಳಬೇಡ. ನಾಲೆಯ ಬಾಯಲ್ಲಿ ನೀರು ತುಂಬಿ ಹರಿದರೂ ಕೊನೆಯ ತೂಬಿನವನ ಗದ್ದೆ ಒಣಗುವುದಿಲ್ಲವೆ? ಊರಿನವರೆಲ್ಲ ಸಿನಿಮಾ ನೋಡುವ ರಾತ್ರಿ ಎಂಟು ಗಂಟೆಗೆ ನಿನ್ನ ಅಂಗಡಿಗೆ ಎಷ್ಟು ಬರುತ್ತದೆಂದು ಅಳೆ” ಎಂದನು.

ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಸೆಕೆಂಡಿಗೆ 2 ಮೆಗಾಬಿಟ್ಟಾದರೂ ಇರಬೇಕೆಂದು 2023ರಲ್ಲಿ ಸರ್ಕಾರ ಗೊತ್ತುಮಾಡಿತು. ಅದಕ್ಕೆ ಮುಂಚೆ 512 ಕಿಲೋಬಿಟ್ಟು ಸಾಕಾಗಿತ್ತು. ಈಗ ಕಂಪನಿಗಳು ಮಾರುವುದು ನೂರು ಇನ್ನೂರು ಮೆಗಾಬಿಟ್ಟುಗಳನ್ನು. ಆದರೆ ಒಂದು ಮಾತುಕತೆಗೆ ಬೇಕಾದುದು ಸುಮಾರು 100 ಕಿಲೋಬಿಟ್ಟು ಮಾತ್ರ. ಐದು ಫೋನುಗಳಲ್ಲಿ ಐದು ಜನರು ಏಕಕಾಲದಲ್ಲಿ ಮಾತನಾಡಿದರೂ ಅರ್ಧ ಮೆಗಾಬಿಟ್ಟು ದಾಟದು. ಹಾಗಾದರೆ ಮಾತು ಕಡಿದು ಕಡಿದು ಬರುವುದೇಕೆ?

ಇದನ್ನು ಆಲೆಮನೆಯಿಂದಲೇ ತಿಳಿಯಬಹುದು. ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಸಮನಾಗಿ ಬಂದರೆ ಗಾಣ ನಿಲ್ಲದೆ ತಿರುಗುವುದು. ಹತ್ತು ಗಾಡಿಗಳು ಒಮ್ಮೆಗೇ ನುಗ್ಗಿ ಆಮೇಲೆ ಒಂದೂ ಬಾರದಿದ್ದರೆ, ಕಬ್ಬಿನ ಮೊತ್ತ ಅಷ್ಟೇ ಇದ್ದರೂ ಗಾಣ ನಿಲ್ಲುವುದು. ಇಂಟರ್ನೆಟ್ಟಿನಲ್ಲಿ ಧ್ವನಿಯೂ ಹೀಗೆಯೇ ತುಂಡುತುಂಡಾಗಿ ಹೋಗತಕ್ಕದ್ದು. ತುಂಡುಗಳು ತಡವಾಗದೆ, ಏರುಪೇರಾಗದೆ, ದಾರಿಯಲ್ಲಿ ಕಳೆಯದೆ ಬರಬೇಕು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲಪಿದರೆ ಸಂಭಾಷಣೆ ಸುಖವಾಗಿ ನಡೆಯುವುದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗದರ್ಶನವುಂಟು. ಬಹಳ ತಡವಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ಬೆಲೆ ಕುದುರುವ ಮೊದಲೇ ಬೇಸರ ಕುದುರುವುದು.

ಕೊನೆಗೆ ನಾಗಮಂಗಲ. ಕಂಚು ಹಿತ್ತಾಳೆಗಳ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ನಮ್ಮ ಗೃಹಿಣಿಯ ತವರಿನವರಿಗೆ ಪರಿಚಿತರಾದ ಎರಕದ ಕೆಲಸದವರ ಮನೆಗೆ ಹೋದೆವು. ಅವರು ವಿಗ್ರಹಗಳ ಚಿತ್ರಗಳನ್ನು ದೂರದ ಗಿರಾಕಿಗಳಿಗೆ ಕಳುಹಿಸುತ್ತಾರೆ. ಕಾಗದದಲ್ಲಿ ದೊಡ್ಡದಾಗಿ ಅಚ್ಚು ಹಾಕುವ ವೇಗವು ಅನೇಕ ವೇಳೆ ನಮ್ಮ ಕಡೆಗೆ ಬರುವುದರ ವೇಗ. ನಾವು ಕಳುಹಿಸುವುದರ ವೇಗವನ್ನು ಬೇರೆಯಾಗಿಯೇ ಕೇಳಬೇಕು ಎಂಬುದು ನಮಗೆ ಅಲ್ಲಿ ತಿಳಿಯಿತು. ಮನೆಯ ಯಜಮಾನರು ನಕ್ಕು, “ಘಂಟೆ ಕೊಳ್ಳುವವರು ಬಡಿದು ನಾದ ಕೇಳದೆ ಕೊಳ್ಳುವುದಿಲ್ಲ ಸ್ವಾಮಿ. ನೀವು ಇದನ್ನು ಕಾಗದ ನೋಡಿ ಕೊಳ್ಳಬಹುದೆ? ಒಂದು ತಿಂಗಳು ಇಟ್ಟು ನೋಡಿ. ಕೆಟ್ಟ ದಿನ ಏಣಿ ಹೊತ್ತು ಬರುವವನ ಮನೆ ಯಾವ ಬೀದಿಯಲ್ಲಿದೆಯೆಂಬುದನ್ನು ಮೊದಲು ವಿಚಾರಿಸಿ” ಎಂದರು.

ಊರಿಗೆ ಹಿಂದಿರುಗಿ ಮೂರು ಕಂಪನಿಯವರನ್ನು ಕರೆಸಿ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದೆವು. ತಂತಿ ಯಾವ ರಸ್ತೆಯಿಂದ ಬರುತ್ತದೆ? ಕಡಿದರೆ ಎಷ್ಟು ಗಂಟೆಯೊಳಗೆ ಜೋಡಿಸುವಿರಿ, ಅದನ್ನು ಬರೆದುಕೊಡುವಿರಾ? ಬರುವವನು ಎಲ್ಲಿರುತ್ತಾನೆ? ಇಬ್ಬರು ನಗುತ್ತ ಮಾತು ತೇಲಿಸಿದರು. ಮೂರನೆಯವನು ಅಗ್ಗದವನಲ್ಲ, ಆದರೆ ಎದ್ದು ಬೀದಿಗೆ ಬಂದು ಕಂಬಗಳನ್ನು ತೋರಿಸಿದನು, ತಂತಿ ನೋಡಿಕೊಳ್ಳುವ ಹುಡುಗನನ್ನು ಕರೆದು ಪರಿಚಯ ಮಾಡಿಸಿದನು. ಒಂದು ತಿಂಗಳು ದಿನವೂ ರಾತ್ರಿ ಎಂಟಕ್ಕೆ ಅಳೆದು, ಆಮೇಲೆ ಅವನದನ್ನೇ ಹಿಡಿದೆವು. ಅದು ಕೆಟ್ಟರೆ ಇರಲೆಂದು, ಬೇರೆ ದಾರಿಯಿಂದ ಬರುವ ಇನ್ನೊಂದು ಕಂಪನಿಯ ಸಿಮ್ಮನ್ನು ಇಟ್ಟುಕೊಂಡೆವು. ಪೆಟ್ಟಿಗೆಗೆ ಬ್ಯಾಟರಿ ಬಂದಿತು. ತಿಂಗಳ ಖರ್ಚು ಹೆಚ್ಚಿತು. ಆದರೆ ಲಾರಿಯ ನಷ್ಟವನ್ನು ನೆನೆದರೆ ಅದು ಹೆಚ್ಚಲ್ಲ.

ಒಂದು ಮಾತ್ರ ಕೈಗೆ ಬರಲಿಲ್ಲ. ತಂದೆಯವರ ನಂಬರನ್ನು ಮರಳಿ ಕೇಳಿದೆವು, ಸಿಕ್ಕಲಿಲ್ಲ. ಮೊಬೈಲು ನಂಬರನ್ನಾದರೆ ದೇಶದಲ್ಲೆಲ್ಲ 2011ರ ಜನವರಿಯಿಂದ ಕಂಪನಿ ಬದಲಾದರೂ ಉಳಿಸಿಕೊಳ್ಳಬಹುದು. ಮನೆಯ ಟೆಲಿಫೋನಿಗೆ ಆ ಅನುಕೂಲವಿಲ್ಲ. ಆದಕಾರಣ, ಹಳೆಯ ನಂಬರಿರುವ ವಾಚಕರು ಕಂಪನಿಯನ್ನು ಬದಲಾಯಿಸುವ ಮುಂಚೆ ಗಿರಾಕಿಗಳ ಗೋಡೆಗಳನ್ನು ಒಮ್ಮೆ ನೆನೆಯಬೇಕೆಂದು ನಮ್ಮ ಬಿನ್ನಹ.

ಈ ಸಂಕ್ರಾಂತಿಗೆ ಮುಂಚೆ ತಂದೆಯವರ ವಿಳಾಸದ ಪುಸ್ತಕವನ್ನು ಹೊರತೆಗೆದು, ನಾವೂ ಗೃಹಿಣಿಯೂ ಕುಳಿತು ಹಳೆಯ ವರ್ತಕರೆಲ್ಲರಿಗೂ ಹೊಸ ನಂಬರನ್ನು ತಿಳಿಸಿ ಅಂಚೆಕಾರ್ಡು ಬರೆದೆವು. ಹಲವರಿಂದ ಉತ್ತರವಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಅಂಗಡಿ ಕತ್ತಲಾಗಿದ್ದಾಗ ಹೊಸ ಫೋನು ಬಾರಿಸಿತು. ಮಾತು ಎದುರಿಗೆ ಕುಳಿತಂತೆ ಸ್ಪಷ್ಟವಾಗಿತ್ತು. “ಕಾರ್ಡು ಬಂತು. ರಾಯರು ಕಳಿಸುತ್ತಿದ್ದರಲ್ಲ, ಆ ಬೆಲ್ಲ ಇನ್ನೂ ಉಂಟೋ?” ಎಂದು ಹುಬ್ಬಳ್ಳಿಯವರು ಕೇಳಿದರು.

ಉಂಟು ಎಂದೆವು.